ಹೆಸರಿಗೆ ಇಟ್ಟ ಜಾಗ

ಖಾನಾಪುರ
9 ಆಗಸ್ಟ್ 1988

ರತ್ನಾ,

ಇಲ್ಲಿ ಎಲ್ಲರೂ ಆರಾಮ ಇದ್ದಾರೆ ಎಂದು ಬರೆಯುವುದು ಪದ್ಧತಿ. ಎಲ್ಲರೂ ಆರಾಮವೇ ಇದ್ದಾರೆ, ನನ್ನೊಬ್ಬಳನ್ನು ಬಿಟ್ಟು.

ನಿನ್ನೆ ನಾನು ಕೆಲಸಕ್ಕೆ ಹೋಗುವ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಯಾರೋ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದರು. ತಿಂದು ಕೈ ಒರೆಸಿಕೊಳ್ಳುವಾಗ ನೋಡುತ್ತೇನೆ, ಆ ಪೇಪರಿನಲ್ಲಿ ನೀನು! ಕಂಪ್ಯೂಟರಿನ ಬಾಜು ನಿಂತು ನಗುತ್ತಿದ್ದೀಯ. ‘ಬೆಳಗಾವಿಯ ಯುವತಿಯ ಸಾಧನೆ. ಸಾವಿರ ಹೆಸರುಗಳಲ್ಲಿ ಬೇಕಾದವರನ್ನು ಕ್ಷಣದಲ್ಲಿ ಹುಡುಕಿಕೊಡುವ ಪ್ರೋಗ್ರಾಂ.’ ನಿನ್ನ ಕಿವಿಯ ಮೇಲೆ ಭಜಿಯ ಎಣ್ಣೆ ಕೂತಿತ್ತು. ಖರೇ ಹೇಳುತ್ತೇನೆ, ಅದೊಂದೇ ಸಮಾಧಾನ.

ಆ ಪ್ರೋಗ್ರಾಮಿಗೆ ‘ಹುಡುಕು’ ಎಂಬ ಹೆಸರನ್ನು ಇಟ್ಟವಳು ನಾನು. ಅನಗೋಳದಲ್ಲಿ ಚಂದ್ರವ್ವನ ಹಿತ್ತಲಿನ ಕೋಣೆಯಲ್ಲಿ ಒಂದು ವರ್ಷ ಒಂದೇ ಚಾಪೆಯ ಮೇಲೆ ಕೂತು ಅದನ್ನು ಬರೆದವರು ಇಬ್ಬರು. ಪೇಪರಿನಲ್ಲಿ ಒಬ್ಬಳೇ ಇದ್ದಾಳೆ. ನಾನು ಮದುವೆಯಾಗಿ ಖಾನಾಪುರಕ್ಕೆ ಬಂದೆ, ಸತ್ತು ಹೋಗಲಿಲ್ಲ.

ನನ್ನ ಗಂಡ ಬಾಳಾಸಾಹೇಬರಿಗೆ ತೋರಿಸಿದೆ. “ಚಂದ ಬಂದೈತಲಾ ಫೋಟೊ. ನಿನ್ನ ಗೆಳತಿ ಅಲ್ಲೇನು ಆಕಿ?” ಎಂದರು. ಆ ರಾತ್ರಿ ಅವರ ಜೋಳದ ರೊಟ್ಟಿ ಸೀದು ಹೋಯಿತು. ಬೇಕೆಂದು ಸೀಯಿಸಿದ್ದಲ್ಲ ಎಂದು ಹೇಳಲಾರೆ.

ಒಂದು ಮಾತು ಕೇಳುತ್ತೇನೆ, ನೇರವಾಗಿ ಉತ್ತರ ಬರೆ. ಆ ಪ್ರೋಗ್ರಾಂ ಮುಗಿದ ಮೇಲೆ ಕೊನೆಯಲ್ಲಿ ‘ರಚನೆ’ ಎಂದು ಒಂದು ಸಾಲು ಬರುತ್ತದಲ್ಲ, ಅದರಲ್ಲಿ ಯಾರ ಹೆಸರಿದೆ?

ಹೊಟ್ಟೆ ಉರಿಸಿಕೊಂಡ
ಶಿವಬಸವ್ವ


ಟಿಳಕವಾಡಿ, ಬೆಳಗಾವಿ
22 ಆಗಸ್ಟ್ 1988

ಬಸೂ,

ನನ್ನ ಹೆಸರಿದೆ. ನನ್ನದೊಂದೇ.

ನೀನು ನೇರವಾಗಿ ಕೇಳಿದೆ, ನಾನೂ ನೇರವಾಗಿ ಬರೆದೆ. ಈಗ ನಾನು ಕೇಳುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಪ್ರೋಗ್ರಾಂ ಅರ್ಧಕ್ಕೆ ನಿಂತಿತ್ತು. ನೀನು “ಊರಿಗೆ ಹೋಗಿ ನಾಕ ದಿನದಾಗ ಬರ್ತೀನಿ” ಎಂದು ಚೀಲ ಹಿಡಿದು ಹೋದೆ. ನಾಲ್ಕು ದಿನ ಬಿಟ್ಟು ಬಂದದ್ದು ನಿನ್ನ ಲಗ್ನಪತ್ರಿಕೆ, ಅದೂ ಅಂಚೆಯಲ್ಲಿ. ಚಂದ್ರವ್ವ ನನ್ನನ್ನು ಕೇಳಿದಳು, “ನಿಮ್ಮ ಗೆಳತಿ ನಿಮಗೂ ಹೇಳಲಿಲ್ಲೇನ್ರಿ?” ಆಮೇಲೆ ಎಂಟು ತಿಂಗಳು ಒಬ್ಬಳೇ ಕೂತು ಮುಗಿಸಿದೆ. ಎಷ್ಟು ಸಿಟ್ಟಿತ್ತೆಂದರೆ, ಮುಗಿಸಿದ ದಿನ ಮೊದಲು ಮಾಡಿದ ಕೆಲಸ ನಿನ್ನ ಹೆಸರನ್ನು ಅಳಿಸಿದ್ದು. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಇದರ ಜೊತೆ ಫ್ಲಾಪಿ ಇಟ್ಟಿದ್ದೇನೆ. ಪ್ರೋಗ್ರಾಂ ಇದೆ, ಅದನ್ನು ಬರೆದ ಸಾಲುಗಳೂ ಒಂದೂ ಬಿಡದೆ ಇವೆ. ನಾನು ಇದನ್ನು ಮಾರುತ್ತಿಲ್ಲ. ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ, ಒಳಗೆ ಇಣುಕಲಿ, ತಮಗೆ ಬೇಕಾದ ಹಾಗೆ ಬದಲಿಸಲಿ, ಸುಧಾರಿಸಿದರೆ ನನಗೊಂದು ಪ್ರತಿ ಕಳಿಸಲಿ. ಸಾಂಗಲಿ, ಧಾರವಾಡ, ಕೊಲ್ಹಾಪುರದವರು ಒಯ್ದಿದ್ದಾರೆ. ನೀನೂ ಒಯ್ಯಬಹುದು. ನಿಮ್ಮ ಹಂಚಿನ ಕಾರ್ಖಾನೆಗೂ ಒಂದು ಕಂಪ್ಯೂಟರು ಬಂದಿದೆಯಂತಲ್ಲ.

ರತ್ನಮಾಲಾ


ಖಾನಾಪುರ
14 ಸೆಪ್ಟೆಂಬರ್ 1988

ರತ್ನಾ,

ನಿನ್ನ ಲಕೋಟೆಯ ಮೇಲೆ ಅಂಚೆಯವರು ಮೊಹರನ್ನು ಹೇಗೆ ಗುದ್ದಿದ್ದರೆಂದರೆ ಫ್ಲಾಪಿ ಬದುಕಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಬದುಕಿತ್ತು. ನಿನ್ನ ಹಾಗೇ ಗಟ್ಟಿ.

ಕಂಪ್ಯೂಟರು ಇರುವುದು ಕಾರ್ಖಾನೆಯ ಯಜಮಾನರ ಕೋಣೆಯಲ್ಲಿ, ಅದಕ್ಕೊಂದು ಕಸೂತಿಯ ಬಟ್ಟೆ ಹೊದಿಸಿದ್ದಾರೆ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ಕೂತೆ. HUDUKU ಎಂದು ಟೈಪ್ ಮಾಡಿದೆ. ‘ಯಾರನ್ನು ಹುಡುಕಬೇಕು?’ ಎಂದು ಕೇಳಿತು. ಯಾರನ್ನು ಹುಡುಕಲಿ? ನನ್ನನ್ನೇ ಹುಡುಕಿದೆ. ನಮ್ಮ ಕಡೆಯ ರೂಢಿಯಂತೆ ನನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು, ಮೂರನ್ನೂ ಇಂಗ್ಲಿಷಿನಲ್ಲಿ ಹೊಡೆದೆ: ಶಿವಬಸವ್ವ ಬಾಳಾಸಾಹೇಬ ಗುರುಪುತ್ರಪ್ಪನವರ.

ಸಿಗಲಿಲ್ಲ ಎಂದಿತು. ನಿರೀಕ್ಷಿಸಿದ್ದೇ. ಆದರೆ ಕೊನೆಯ ಸಾಲು ನೋಡಿ ಎದ್ದು ನಿಂತೆ. ‘ರಚನೆ’ ಎಂಬುದರ ಮುಂದೆ ನಿನ್ನ ಹೆಸರೇ ಇಲ್ಲ. ‘ಪ್ಪನವರ’ ಎಂದು ಕೂತಿದೆ! ನನ್ನ ಅತ್ತೆಮನೆಯ ಹೆಸರಿನ ಬಾಲ ಹೋಗಿ ನಿನ್ನ ಹೆಸರನ್ನು ತಳ್ಳಿ ಕೂತಿದೆ. ಮತ್ತೆ ಹೊಡೆದೆ, ಮತ್ತೆ ಹಾಗೇ. ರತ್ನಮಾಲಾ ಜಿನಪಾಲ ಚೌಗುಲಾ ಎಲ್ಲೂ ಇಲ್ಲ. ಎಷ್ಟು ನಕ್ಕೆನೆಂದರೆ ಹೊರಗೆ ಹಂಚು ಎಣಿಸುತ್ತಿದ್ದ ಸತ್ಯವ್ವ ಬಂದು, “ಏನಾತ್ರೀ ಬಾಯಾರ, ಡಬ್ಬಿ ಏನರ ಅಂತೇನು?” ಎಂದು ಕೇಳಿದಳು.

ಯಾಕೆ ಹೀಗಾಯಿತು ಎಂದು ಒಳಗಿನ ಸಾಲುಗಳನ್ನು ಓದಿ ಕಂಡುಕೊಂಡಿದ್ದೇನೆ. ಒಂದೇ ಒಂದು ಸಾಲಿನ ತಪ್ಪು. ಅಂಥ ಸಾಲನ್ನು ಬರೆಯಲು ಎಷ್ಟು ಅಹಂಕಾರ ಬೇಕು ಮಾರಾಯ್ತಿ! ಬರೆದವಳಿಗೆ ಆ ಹೊತ್ತಿಗೆ ತಲೆ ಇತ್ತೋ ಇಲ್ಲವೋ ಎಂದು ಅನುಮಾನ ಬಂತು.

ಯಾವ ಸಾಲು ಎಂದು ಹೇಳುವುದಿಲ್ಲ. ನನ್ನ ಹೆಸರನ್ನು ನಿನ್ನ ಹೆಸರಿನ ಬಾಜು ಹಾಕು, ಹೇಳುತ್ತೇನೆ, ತಿದ್ದಿಯೂ ಕೊಡುತ್ತೇನೆ.

ಶಿವಬಸವ್ವ


ಟಿಳಕವಾಡಿ
3 ಅಕ್ಟೋಬರ್ 1988

ಬಸೂ,

ನೀನು ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದೀಯ. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಈ ಮಳೆಗಾಲ ಇಡೀ ಕೂತು ಟೈಪ್ ಮಾಡಿದ್ದೇನೆ. ಬೆರಳಿನ ತುದಿಗಳು ಜಡ್ಡುಗಟ್ಟಿವೆ. ಅದರಲ್ಲಿ ಒಂದು ಹೆಸರೂ ತೊಂದರೆ ಕೊಟ್ಟಿಲ್ಲ. ಎಲ್ಲರೂ ತಮಗೆ ಇಟ್ಟ ಜಾಗದಲ್ಲಿ ಕೂತಿದ್ದಾರೆ. ನಿನ್ನ ಅತ್ತೆಮನೆಯವರ ಹೆಸರು ಅಷ್ಟು ಉದ್ದವಾದರೆ ಅದು ನನ್ನ ತಪ್ಪಲ್ಲ.

ಹೆಸರು ಹಾಕಿದರೆ ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ನಾನು ಒಳಗಿನ ಸಾಲುಗಳನ್ನು ಬಿಚ್ಚಿಟ್ಟು ಊರಿಗೆಲ್ಲ ಹಂಚಿದವಳು. ನೀನು ಒಂದು ಸಾಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ವ್ಯಾಪಾರಕ್ಕೆ ಕೂತಿದ್ದೀಯ. ಇಟ್ಟುಕೋ.

ಡಿಸೆಂಬರಿನಲ್ಲಿ ಕಾಲೇಜಿನಲ್ಲಿ ಪ್ರದರ್ಶನವಿದೆ. ಹಳೆ ವಿದ್ಯಾರ್ಥಿಗಳು ಬಂದು ತಮ್ಮ ಹೆಸರನ್ನು ತಾವೇ ಹುಡುಕಿಕೊಳ್ಳುತ್ತಾರೆ. ಚನ್ನಬಸಯ್ಯ ಸರ್ ನಿನಗೂ ಕರೆ ಕಳಿಸುತ್ತಾರಂತೆ. “ಆ ಹುಡುಗಿ ಎಲ್ಲದಾಳ ಈಗ? ಭಾಳ ಶಾಣ್ಯಾಕಿ ಇದ್ದಳವಾ” ಎಂದು ನನ್ನ ಎದುರಿಗೇ ಅಂದರು. ನಿನ್ನೊಬ್ಬಳಿಗೇ ಹೊಟ್ಟೆ ಉರಿಯುತ್ತದೆ ಎಂದು ತಿಳಿಯಬೇಡ.

ಜಗಳಕ್ಕೆ ಬರುವುದಾದರೆ ಬರಬೇಡ.

ರತ್ನಮಾಲಾ


ಖಾನಾಪುರ
21 ನವೆಂಬರ್ 1988

ರತ್ನಾ,

ಪೇಪರ್ ಓದಿದೆಯಾ? ಅಮೆರಿಕದಲ್ಲಿ ಯಾರೋ ಬಿಟ್ಟ ಒಂದು ಪ್ರೋಗ್ರಾಂ ಸಾವಿರಾರು ಕಂಪ್ಯೂಟರುಗಳಿಗೆ ಹೊಕ್ಕು ಕೆಲಸ ನಿಲ್ಲಿಸಿಬಿಟ್ಟಿದೆಯಂತೆ. ಯಜಮಾನರ ಮಗ ಪುಣೆಯಿಂದ ತಂದ ಪತ್ರಿಕೆಯಲ್ಲಿ ಅದು ಒಳಗೆ ಹೊಕ್ಕ ದಾರಿಗಳನ್ನೂ ಬರೆದಿದ್ದರು. ಅದರಲ್ಲಿ ಒಂದು ದಾರಿ ಯಾವುದು ಗೊತ್ತೇನು? ‘ಇಂಥವರು ಇದ್ದಾರೆಯೇ’ ಎಂದು ಹೆಸರು ಕೇಳುವ ಒಂದು ಚಿಕ್ಕ ಪ್ರೋಗ್ರಾಂ. ನಮ್ಮ ‘ಹುಡುಕು’ ಇದ್ದ ಹಾಗೆ. ತಪ್ಪೂ ಅದೇ.

ಈಗ ಹೇಳಿಯೇ ಬಿಡುತ್ತೇನೆ, ಮುಚ್ಚಿಟ್ಟು ವ್ಯಾಪಾರ ಮಾಡುತ್ತೇನೆ ಅಂದೆಯಲ್ಲ. ಕಂಪ್ಯೂಟರಿನ ನೆನಪಿನಲ್ಲಿ ಟೈಪ್ ಮಾಡಿದ ಹೆಸರಿಗೆ ಮೂವತ್ತೆರಡು ಇಂಗ್ಲಿಷ್ ಅಕ್ಷರದ ಜಾಗ ಇಟ್ಟಿದೆ. ಅದಕ್ಕೆ ಹತ್ತಿಯೇ ರಚನೆ ಮಾಡಿದವಳ ಹೆಸರಿನ ಜಾಗ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಆ ಸಾಲು, ಜಾಗ ಎಷ್ಟಿದೆ ಎಂದು ಕೇಳುವುದೇ ಇಲ್ಲ. ಕೊಟ್ಟಷ್ಟನ್ನೂ ಸುರಿಯುತ್ತದೆ. ಖಾನಾಪುರದ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು ಬಂದು ಕೂತರೆ ಆ ತುದಿಯವಳು ಕೆಳಗೆ ಬೀಳುತ್ತಾಳಲ್ಲ, ಹಾಗೆ ನೀನು ಬಿದ್ದೆ.

ತಿದ್ದುವುದು ಹೇಗೆಂದು ಮಾತ್ರ ಹೇಳುವುದಿಲ್ಲ. ಬೇಕಾದರೆ ನೀನೇ ತಿದ್ದಿಕೋ, ಫೋಟೊದಲ್ಲಿ ಇರುವವಳು ನೀನು.

ಬಾಳಾಸಾಹೇಬರು ನಿನ್ನೆ ಕೇಳಿದರು, “ಆಕಿ ಹೆಸರ ಬಂದ್ರ ನಿಂದೇನ ಹೋತು? ನಿನಗಿಲ್ಲಿ ಏನ ಕಡಿಮಿ ಆಗೈತಿ?” ಏನೂ ಕಡಿಮೆಯಾಗಿಲ್ಲ. ಒಳ್ಳೆಯ ಮನುಷ್ಯ, ಒಳ್ಳೆಯ ಮನೆ. ಅತ್ತೆ ಕಾಶವ್ವ ನನಗೆ ಒಂದು ಮಾತು ಆಡಿದವರಲ್ಲ. ಆದರೆ ಈ ಊರಿನಲ್ಲಿ ನಾನು ಬಾಳಾಸಾಹೇಬರ ಹೆಂಡತಿ, ಕಾಶವ್ವನ ಸೊಸೆ. ನನ್ನ ಕೈಯಿಂದ ಹುಟ್ಟಿದ್ದು ಅದೊಂದೇ ಇತ್ತು, ಅದರ ಮೇಲೆ ನೀನು ಕೂತಿದ್ದೀಯ.

ಸರ್ ಕರೆ ಕಳಿಸಿದ್ದಾರೆ. ನಾನು ಬರುತ್ತೇನೆ. ಬಂದು ಎಲ್ಲರಂತೆ ನನ್ನ ಹೆಸರನ್ನು ಹುಡುಕಿಕೊಳ್ಳುತ್ತೇನೆ.

ಶಿವಬಸವ್ವ


ಟಿಳಕವಾಡಿ
20 ಡಿಸೆಂಬರ್ 1988

ಬಸೂ,

ನೀನು ಹಿಂದಿನ ಬಾಗಿಲಿನಿಂದ ಹೋದದ್ದನ್ನು ನೋಡಿದೆ. ರೈಲು ಹಳಿಯ ಮೊದಲನೇ ಗೇಟಿನವರೆಗೆ ಓಡಿ ಬಂದೆ. ಗೇಟು ಹಾಕಿತ್ತು, ನೀನು ಆಚೆ ಕಡೆ ಇದ್ದೆ. ಗಾಡಿ ಹೋಗುವಷ್ಟರಲ್ಲಿ ನೀನು ಇರಲಿಲ್ಲ. ಆದ್ದರಿಂದ ಉಳಿದದ್ದನ್ನು ನಾನೇ ಬರೆಯಬೇಕು.

ಹಸಿರು ಇಳಕಲ್ ಸೀರೆ ಉಟ್ಟು ಬಂದು, ಸಾಲಿನಲ್ಲಿ ನಿಂತು, ಕಂಪ್ಯೂಟರಿನ ಮುಂದೆ ಕೂತು ನೀನು ಏನು ಟೈಪ್ ಮಾಡಿದೆ ಎಂದು ನನಗೆ ಕಾಣಲಿಲ್ಲ. ಮುಗಿಸಿ ಎದ್ದಾಗ ಪರದೆಯ ಮೇಲೆ ‘ರಚನೆ’ ಎಂಬುದರ ಮುಂದೆ ನಿನ್ನ ಹೆಸರಿತ್ತು. ಎಲ್ಲರೂ ನೋಡಿದರು. ಸರ್ ಕನ್ನಡಕ ಏರಿಸಿ ಓದಿದರು. ಆಮೇಲೆ ಯಂತ್ರ ಕಲ್ಲಾಯಿತು. ಯಾವ ಗುಂಡಿ ಒತ್ತಿದರೂ ಉಸಿರಿಲ್ಲ. ಆರಿಸಿ ಹಚ್ಚಿದೆವು. ಪಟ್ಟಿ ಇರುವ ಜಾಗದಲ್ಲಿ ಬರೀ ಕಸ. ಮಳೆಗಾಲ ಇಡೀ ನಾನು ಟೈಪ್ ಮಾಡಿದ ಒಂದು ಹೆಸರೂ ಉಳಿದಿಲ್ಲ. ನಕಲು ಮಾಡಿಟ್ಟ ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ನಮ್ಮ ಬೆಳಗಾವಿಯ ಮಳೆ ನಿನಗೆ ಗೊತ್ತಲ್ಲ.

ಮುಂಬೈಯಿಂದ ಬಂದಿದ್ದ ಹಳೆ ವಿದ್ಯಾರ್ಥಿಯೊಬ್ಬರು ಕೇಳಿದರು, “ಯಾರ್ರೀ ಈ ಶಿವಬಸವ್ವ?”

ನಾನು ಹೇಳಿದೆ, “ಇದನ್ನ ಬರದಾಕಿ ಆಕೀನರೀ.”

ಸೇಡು ತೀರಿಸಿಕೊಂಡೆ ಎಂದುಕೊಳ್ಳುತ್ತಿದ್ದೀಯ. ಇರಲಿ. ಆದರೆ ನಾನು ಸುಳ್ಳು ಹೇಳಲಿಲ್ಲ. ಆ ಓದುವ ಸಾಲು, ಅಹಂಕಾರ ಬೇಕು ಎಂದೆಯಲ್ಲ, ಅದು ನಿನ್ನದು ಬಸೂ. ಚಂದ್ರವ್ವನ ಹಿತ್ತಲಿನಲ್ಲಿ ಶೇಂಗಾ ಸುಲಿಯುತ್ತ ಅದನ್ನು ಒಂದೇ ಉಸಿರಿಗೆ ಹೇಳಿದೆ, ನಾನು ಬರೆದುಕೊಂಡೆ. “ಹೆಸರ ಇದಕಿಂತ ಉದ್ದ ಇದ್ರ ಏನ ಮಾಡೂದ?” ಎಂದು ಕೇಳಿದೆ. ನೀನು ಸಿಪ್ಪೆ ಊದಿ ಏನು ಹೇಳಿದೆ, ನೆನಪಿದೆಯಾ? “ಅಷ್ಟ ಉದ್ದ ಹೆಸರಿನಾಕಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ ತಗೋ.” ಆಗ ನಾವಿಬ್ಬರೂ ಅಳತೆಗೆ ಹಿಡಿದದ್ದು ನಮ್ಮ ಕ್ಲಾಸಿನ ಹುಡುಗಿಯರ ಹೆಸರುಗಳನ್ನು. ಒಬ್ಬಳಿಗೂ ಲಗ್ನವಾಗಿರಲಿಲ್ಲ. ನೀನು ಶಿವಬಸವ್ವ ಭರಮಪ್ಪ ಮುಗಳಿ ಆಗಿದ್ದೆ. ಆರಾಮಾಗಿ ಹಿಡಿಸುತ್ತಿದ್ದೆ.

ಉಳಿದ ಎಲ್ಲ ಸಾಲುಗಳನ್ನೂ ನಾನು ತಿದ್ದಿದ್ದೇನೆ, ಹೆಸರು ಬದಲಿಸಿದ್ದೇನೆ, ನನ್ನವನ್ನಾಗಿ ಮಾಡಿಕೊಂಡಿದ್ದೇನೆ. ಅದೊಂದನ್ನು ಮುಟ್ಟಲಿಲ್ಲ. ನಾನು ವಾರಗಟ್ಟಲೆ ಪೆನ್ಸಿಲ್ ಕಚ್ಚುತ್ತ ಕೂತಲ್ಲಿ ನೀನು ಶೇಂಗಾ ತಿನ್ನುತ್ತ ಬರೆಸಿದ್ದು ಅದು. ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆ ಎಂದರೆ, ಅದರಲ್ಲಿ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನೀನು ತಪ್ಪು ಎಂದು ಬರೆದ ಮೇಲೂ ನಾನು ನನ್ನ ಸಾಲುಗಳಲ್ಲೇ ಹುಡುಕಿದೆ.

ರತ್ನಮಾಲಾ


ಖಾನಾಪುರ
6 ಜನವರಿ 1989

ರತ್ನಾ,

ನಿನ್ನ ಪತ್ರ ಓದಿ ಮೊದಲು ಸುಳ್ಳು ಎಂದೆ. ಎರಡು ದಿನ ಸುಳ್ಳು ಎಂದುಕೊಂಡೇ ಅಡುಗೆ ಮಾಡಿದೆ. ಆಮೇಲೆ ಶೇಂಗಾದ ಸಿಪ್ಪೆ ನೆನಪಾಯಿತು. ಊದಿದ್ದು ನಿನ್ನ ಕಣ್ಣಿಗೆ ಹೋಗಿ ನೀನು ಬೈದಿದ್ದೆ. ಅಷ್ಟು ಉದ್ದ ಹೆಸರಿನವಳು ಹುಟ್ಟಿಲ್ಲ ಎಂದದ್ದು ನಾನೇ. ಖರೇ, ಹುಟ್ಟಿರಲಿಲ್ಲ, ಲಗ್ನದಲ್ಲಿ ಅಕ್ಕಿಕಾಳು ಹಾಕಿ ಅಂಥವಳನ್ನು ಮಾಡಿದರು.

ಪಟ್ಟಿ ಕೆಡಬೇಕು ಎಂದು ನಾನು ಬಂದದ್ದಲ್ಲ. ಇದನ್ನು ನೀನು ನಂಬಬೇಕು, ಬೇರೆ ಏನನ್ನೂ ನಂಬದಿದ್ದರೆ ಬಿಡು. ಇಲ್ಲಿ ಎಷ್ಟೋ ಸಲ ಮಾಡಿ ನೋಡಿಕೊಂಡೇ ಬಂದಿದ್ದೆ. ಹೆಸರಿನ ಜಾಗ ತುಂಬುವಷ್ಟು ಸುಳ್ಳು ಅಕ್ಷರ, ಅದರ ಮುಂದೆ ‘ಶಿವಬಸವ್ವ’ ಎಂದಷ್ಟೇ ಹೊಡೆದರೆ ನಿನ್ನ ಹೆಸರು ಹೋಗಿ ನನ್ನದು ಬರುತ್ತಿತ್ತು. ಯಂತ್ರಕ್ಕೆ ಏನೂ ಆಗುತ್ತಿರಲಿಲ್ಲ. ಅಷ್ಟೇ ಮಾಡಿ ನಿನ್ನ ಮುಖ ನೋಡಿ ಹೋಗುವವಳಿದ್ದೆ.

ಅಲ್ಲಿ ಕೂತೆ. ಹಿಂದೆ ಅಷ್ಟು ಜನ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕು. ರತ್ನಮಾಲಾ ಜಿನಪಾಲ ಚೌಗುಲಾ ಅವರ ರಚನೆ’ ಎಂದು ಬರೆಸಿದ್ದೀಯ, ಹೂವಿನ ಹಾರ ಬೇರೆ. ಬರೀ ಶಿವಬಸವ್ವ ಎಂದರೆ ಯಾರಿಗೆ ತಿಳಿಯುತ್ತದೆ? ಈ ಬೆಳಗಾವಿಯಲ್ಲಿ ಎಷ್ಟು ಶಿವಬಸವ್ವರಿಲ್ಲ? ಪೂರ್ತಿ ಹೊಡೆದೆ. ಗಂಡನ ಹೆಸರು, ಮನೆತನದ ಹೆಸರು, ಎಲ್ಲ. ಅದು ನಿನ್ನ ಹೆಸರಿಗಿಟ್ಟ ಜಾಗದಲ್ಲೂ ಹಿಡಿಸಲಿಲ್ಲ. ಅದೇ ‘ಪ್ಪನವರ’ ಉಕ್ಕಿ ಮುಂದಿನ ಜಾಗಕ್ಕೆ ಹೋಯಿತು. ಅಲ್ಲಿ ಪಟ್ಟಿ ಎಲ್ಲಿದೆ ಎಂದು ಹೇಳುವ ವಿಳಾಸ ಇತ್ತು, ಅದು ಕೆಟ್ಟು ಪ್ರೋಗ್ರಾಂ ಪಟ್ಟಿಯ ಮೇಲೆಯೇ ಕಸ ಬರೆದಿರಬೇಕು. ಬಸ್ಸಿನಲ್ಲಿ ಕೂತ ಮೇಲೆ ಇದು ಹೊಳೆಯಿತು, ಇಳಿದು ವಾಪಸ್ಸು ಬರುವ ಧೈರ್ಯವಾಗಲಿಲ್ಲ.

ನನ್ನ ಹೆಸರು ಬರಬೇಕೆಂದು ಆಸೆಪಟ್ಟೆ, ಬಂತು. ಯಂತ್ರ ಕೆಟ್ಟ ಆ ಹೊತ್ತಿನಲ್ಲೇ ನೀನು ಎಲ್ಲರೆದುರು ಹೇಳಿಯೂ ಬಿಟ್ಟೆ. ನಾಲ್ಕು ದಿನ ತಡೆದಿದ್ದರೆ ಆಗುತ್ತಿರಲಿಲ್ಲವೇನೇ?

ಶಿವಬಸವ್ವ


ಟಿಳಕವಾಡಿ
2 ಫೆಬ್ರವರಿ 1989

ಬಸೂ,

ಇದರ ಜೊತೆ ನಿನಗೆ ಬಂದ ಐದಾರು ಪತ್ರ ಕಳಿಸಿದ್ದೇನೆ. ‘ಶ್ರೀಮತಿ ಶಿವಬಸವ್ವ ಅವರಿಗೆ, ಹುಡುಕು ಪ್ರೋಗ್ರಾಮಿನ ಲೇಖಕಿ’ ಎಂದು ಕಾಲೇಜಿನ ವಿಳಾಸಕ್ಕೆ ಬರುತ್ತಿವೆ. ಸುದ್ದಿ ಸಾಂಗಲಿಯವರೆಗೆ ಹೋಗಿದೆ. ಕೊಲ್ಹಾಪುರದ ಡಾಕ್ಟರೊಬ್ಬರು ತಮ್ಮ ರೋಗಿಗಳ ಪಟ್ಟಿಯನ್ನೆಲ್ಲ ಇದರಲ್ಲಿಯೇ ಇಟ್ಟಿದ್ದಾರೆ, ಹೆದರಿಕೊಂಡಿದ್ದಾರೆ. ಎಲ್ಲ ದೂರುಗಳೇ. ಆದರೂ ನನಗೆ ಒಂದೂ ಇಲ್ಲ. ಲಕೋಟೆಗಳ ಮೇಲೆ ನಿನ್ನ ಹೆಸರು ನೋಡಿ, ಬೈಗುಳವಾದರೂ ನನಗೆ ಬರಬಾರದೇ ಎಂದು ಸಂಕಟಪಟ್ಟೆ. ಇಂಥ ಜನ್ಮ ನನ್ನದು.

ನಾನು ತಿದ್ದಬಲ್ಲೆ, ಈಗ ತಿಳಿದಿದೆ. ತಿದ್ದುವುದಿಲ್ಲ. ಅದು ನಿನ್ನ ಸಾಲು, ನೀನೇ ಕೈ ಹಾಕು. ಬೇಗ ಕಳಿಸು, ಒಯ್ದವರಿಗೆಲ್ಲ ನಾನು ಹಂಚುತ್ತೇನೆ. ರಚನೆಯ ಸಾಲಿನಲ್ಲಿ ಏನು ಬರೆಯಬೇಕೋ ಅದನ್ನೂ ನೀನೇ ಬರೆ. ನಾನು ನೋಡದೆ ಕಳಿಸುತ್ತೇನೆ.

ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಮತ್ತೆ ಮೊದಲಿನಿಂದ ಟೈಪ್ ಮಾಡುತ್ತಿದ್ದೇನೆ. ಚನ್ನಬಸಯ್ಯ ಸರ್ ಬಂದು ನೋಡಿ, “ಆ ಹುಡುಗಿ ಇದ್ದಿದ್ರ ಲಗೂನ ಆಗ್ತಿತ್ತು” ಎಂದರು. ಕೀಲಿಮಣೆ ಎತ್ತಿ ಒಗೆಯಬೇಕೆನಿಸಿತು.

ರತ್ನಾ


ಖಾನಾಪುರ
11 ಮಾರ್ಚ್ 1989

ರತ್ನಾ,

ತಿದ್ದಿದ್ದೇನೆ. ಫ್ಲಾಪಿಯನ್ನು ಎರಡು ರಟ್ಟಿನ ನಡುವೆ ಇಟ್ಟು ಹೊಲಿದು, ನಿನ್ನ ಊರಿಗೆ ಬರುತ್ತಿದ್ದ ಬಾಳಾಸಾಹೇಬರ ಕೈಯಲ್ಲೇ ಕೊಟ್ಟಿದ್ದೇನೆ. ಅಂಚೆಯವರ ಮೊಹರಿಗೆ ಸಿಗಬಾರದು. “ಏನ, ಕೂಸಿನ ಹಂಗ ಹಿಡ್ಕೊಂಡು ಹೋಗಬೇಕೇನು ಇದನ?” ಎಂದರು. ಹೌದು ಎಂದೆ.

ಓದುವ ಸಾಲು ಈಗ ಮೊದಲು ಜಾಗ ಎಷ್ಟಿದೆ ಎಂದು ನೋಡುತ್ತದೆ. ಅಷ್ಟನ್ನೇ ಒಳಗೆ ಬಿಟ್ಟುಕೊಂಡು ಉಳಿದದ್ದನ್ನು ಬಾಗಿಲಲ್ಲೇ ಬಿಡುತ್ತದೆ. ಯಾರೂ ಯಾರನ್ನೂ ತಳ್ಳುವಂತಿಲ್ಲ. ನಮ್ಮ ಕಾರ್ಖಾನೆಯ ಎಲ್ಲರ ಹೆಸರನ್ನೂ ಹಾಕಿ ನೋಡಿದೆ, ಸತ್ಯವ್ವನ ಕೈಯಲ್ಲಿ ಸಿಕ್ಕ ಸಿಕ್ಕ ಗುಂಡಿ ಒತ್ತಿಸಿಯೂ ನೋಡಿದೆ. ಜಗ್ಗಲಿಲ್ಲ.

ರಚನೆಯ ಸಾಲಿನಲ್ಲಿ ಎರಡು ಹೆಸರು ಹಾಕಿದ್ದೇನೆ. ನಿನ್ನದು ಮೊದಲು, ನನ್ನದು ಅದರ ಕೆಳಗೆ. ನಿನ್ನದನ್ನು ಮೊದಲು ಹಾಕುವಾಗ ಕೈ ಎರಡು ಸಲ ಹಿಂದೆ ಬಂತು, ಅದನ್ನೂ ಹೇಳಿಬಿಡುತ್ತೇನೆ. ಆ ಹೆಸರುಗಳನ್ನೂ ಅದೇ ಓದುವ ಸಾಲೇ ಓದುತ್ತದೆ. ಓಡಿಸಿ ನೋಡಿದೆ. ರತ್ನಮಾಲಾ ಜಿನಪಾಲ ಚೌಗುಲಾ, ಪೂರ್ತಿ ಬಂದೆ, ಮೇಲೆ ಜಾಗವೂ ಉಳಿಯಿತು. ನನ್ನ ಹೆಸರು ‘ಗುರುಪುತ್ರ’ದವರೆಗೆ ಬಂದು ನಿಂತಿತು. ನನ್ನ ತಿದ್ದುಪಡಿ ಮೊದಲು ಕತ್ತರಿಸಿದ್ದು ನನ್ನನ್ನೇ. ಅಷ್ಟು ಹೊತ್ತು ಪರದೆಯನ್ನು ನೋಡುತ್ತ ಕೂತಿದ್ದೆ, ಯಜಮಾನರು ಊಟ ಮುಗಿಸಿ ಬಂದದ್ದೂ ತಿಳಿಯಲಿಲ್ಲ.

ಜಾಗವನ್ನೇ ದೊಡ್ಡದು ಮಾಡಬಹುದಿತ್ತಲ್ಲ ಎಂದು ಕೇಳುತ್ತೀಯ. ಮಾಡಬಹುದಿತ್ತು. ಆದರೆ ಕೊಲ್ಹಾಪುರದ ಡಾಕ್ಟರರ ಪಟ್ಟಿ, ಸಾಂಗಲಿಯವರ ಪಟ್ಟಿ, ಎಲ್ಲವೂ ಹಳೆಯ ಅಳತೆಯವು. ಅಳತೆ ಬದಲಾದರೆ ಅವರೆಲ್ಲ ಮೊದಲಿನಿಂದ ಟೈಪ್ ಮಾಡಬೇಕು, ನೀನು ಈಗ ಮಾಡುತ್ತಿರುವ ಹಾಗೆ. ನನ್ನ ಹೆಸರಿನ ಬಾಲಕ್ಕಾಗಿ ಒಮ್ಮೆ ಒಂದು ಪಟ್ಟಿ ಹೋದದ್ದು ಸಾಕು.

ಪಟ್ಟಿಯ ಕಾಗದಗಳಲ್ಲಿ ಅರ್ಧವನ್ನು ಬಾಳಾಸಾಹೇಬರ ಕೈಯಲ್ಲಿ ಕಳಿಸು. ಇಲ್ಲಿ ಮಧ್ಯಾಹ್ನ ಕೋಣೆ ಖಾಲಿ ಇರುತ್ತದೆ, ನಾನು ಟೈಪ್ ಮಾಡಿ ಕೊಡುತ್ತೇನೆ. ನಿನ್ನದಕ್ಕಿಂತ ಮೊದಲು ಮುಗಿಸುತ್ತೇನೆ, ನೋಡುತ್ತಿರು. ಮುಗಿದಾಗ ಸರ್ ಎದುರು ಯಾರದು ಮೊದಲು ಮುಗಿಯಿತು ಎಂದು ಖರೇ ಖರೇ ಹೇಳಬೇಕು.

ಮತ್ತೆ, ನಿನ್ನ ಹೆಸರಿನ ಮುಂದೆ ಉಳಿದ ಆ ಖಾಲಿ ಜಾಗ ನನ್ನ ಕಣ್ಣು ಕುಕ್ಕುತ್ತದೆ. ಲಗ್ನವಾಗುವುದಿದ್ದರೆ ಹೆಸರು ಅಳೆದು ನೋಡಿ ಆಗು.

ನಿನ್ನ
ಶಿವಬಸವ್ವ ಬಾಳಾಸಾಹೇಬ ಗುರುಪುತ್ರ